ಏಟು ತಿನ್ನುವವರ ಜಾಗ

ಚಿಕ್ಕಜಾಲ
6 ಜುಲೈ 2025

ಚೈತ್ರಾ,

ಯಲಹಂಕದಿಂದ ದೇವನಹಳ್ಳಿವರೆಗೆ ನನ್ನನ್ನು ನೆಲಕ್ಕೆ ಬೀಳಿಸಿದ ಗಂಡು ಇನ್ನೂ ಹುಟ್ಟಿಲ್ಲ. ಏರ್‌ಪೋರ್ಟ್ ಕಟ್ಟುವಾಗ ರನ್‌ವೇಗೆ ಅಡ್ಡವಾಗಿದ್ದ ಬಂಡೆಯನ್ನು ಮೂರು ಜೆಸಿಬಿ ಅಲ್ಲಾಡಿಸಲಾಗದೆ ಬಿಟ್ಟು ಹೋದಾಗ, ಹೆಗಲು ಕೊಟ್ಟು ಸರಿಸಿದವನು ನಾನೇ. ಪೇಪರಿನವರು ಹಾಕಲಿಲ್ಲ, ಅದು ಅವರ ಹೊಟ್ಟೆಕಿಚ್ಚು. ಅಂಥ ನನ್ನನ್ನು ನಿನ್ನ ಆಟದ ಗೆಳೆಯರು ಒಂದೇ ಸಂಜೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಸಾಯಿಸಿದರು.

ಪೊಲೀಸ್ ತರಬೇತಿಗೆ ಕಲಬುರಗಿ ಬಸ್ಸು ಹತ್ತುವಾಗ ನೀನು ನನ್ನ ಕೈ ಹಿಡಿದು ಹೇಳಿದ್ದೇನು? ನಾನು ಬರುವವರೆಗೆ ಆಟದಲ್ಲಿ ನನ್ನ ಜಾಗ ಕಾಯಿರಿ ಮಾವ, ಒಂದು ತಿಂಗಳು ಖಾಲಿ ಬಿಟ್ಟರೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ ಅಂದೆ. ಮೊಬೈಲು ಕಿತ್ತಿಟ್ಟುಕೊಳ್ಳುವ ಕಡೆಗೆ ಹೊರಟ ಹುಡುಗಿ ಅಪ್ಪ ಅಮ್ಮನ ಮಾತಾಡದೆ ಆಟದ ಮಾತಾಡುತ್ತಾಳಲ್ಲ ಅಂತ ನಗು ಬಂತು. ಇರಲಿ, ಸೋದರಮಾವ ಮಾತು ಕೊಟ್ಟ ಮೇಲೆ ಮುಗಿಯಿತು.

ಯಲಹಂಕ ಪಕ್ಕದ ಸಿಂಗಾಪುರದ ನಿಮ್ಮ ಮನೆಗೆ ಹೋಗಿ ಹಜಾರದಲ್ಲಿ ನಿನ್ನ ಕಂಪ್ಯೂಟರಿನ ಮುಂದೆ ಕೂತೆ. ಐದು ಜನ ಗವಿಗೆ ಇಳಿಯಬೇಕು. ಒಳಗೆ ಎರಡು ಕಾಲಿನ ಮೇಲೆ ನಿಂತ ಕೋಣ, ಕೈಯಲ್ಲಿ ಒನಕೆ ಗಾತ್ರದ ಸುತ್ತಿಗೆ. ನಿನ್ನ ಗೊಂಬೆಗೆ ಮೈತುಂಬ ಕಬ್ಬಿಣ, ಬಾಗಿಲಷ್ಟು ಅಗಲದ ಗುರಾಣಿ. ಆಟದಲ್ಲಿ ನಿನ್ನ ಜಾಗಕ್ಕೆ ಟ್ಯಾಂಕ್ ಅನ್ನುತ್ತಾರಂತೆ. ಟ್ಯಾಂಕ್ ಅಂದರೆ ದಳಪತಿ ಇರಬೇಕು ಅಂದುಕೊಂಡು ಕತ್ತಿ ಎತ್ತಿ ನುಗ್ಗಿದೆ. ಮೂಲೆಯಲ್ಲಿದ್ದ ಮರಿ ರಾಕ್ಷಸರನ್ನು ಕುಂಬಳಕಾಯಿ ಸೀಳಿದ ಹಾಗೆ ಸೀಳಿದೆ, ಕರುಳು ಗೋಡೆಗೆ ಹತ್ತಿತು. ತಿರುಗಿ ನೋಡಿದರೆ ಕೋಣ ಅನೀಸಾಳ ಕಾಲು ಹಿಡಿದು ಕಂಬಕ್ಕೆ ಬಡಿಯುತ್ತಿದೆ, ಒದ್ದೆ ಬಟ್ಟೆ ಒಗೆದ ಹಾಗೆ. ಎಲ್ಲರ ಗಾಯ ವಾಸಿ ಮಾಡುವವಳೇ ಅವಳು. ಅವಳು ಹೋದ ಮೇಲೆ ಹೆಬ್ಬಾಳದ ನಿರಂಜನನ ಎದೆಗೂಡು ಒಡೆಯಿತು, ಆಮೇಲೆ ಉಳಿದಿಬ್ಬರು, ಕೊನೆಗೆ ನಾನು.

ನಿರಂಜನ ಅಂದದ್ದು ಕೇಳು: "ಅಂಕಲ್, ನೀವು ಹೊಡೆಯೋಕಲ್ಲ ಇರೋದು, ಹೊಡೆಸ್ಕೊಳ್ಳೋಕೆ. ಅದರ ಏಟೆಲ್ಲ ನಿಮ್ಮ ಮೇಲೇ ಬೀಳ್ಬೇಕು."

ಇದು ಗಂಡಸು ಮಾಡುವ ಕೆಲಸವಾ? ನಮ್ಮಪ್ಪನ ಕೈಯಲ್ಲೇ ಹೊಡೆಸಿಕೊಳ್ಳದೆ ಬೇಲಿ ಹಾರಿ ಓಡಿದವನು ನಾನು.

ಭಾವ ಬಂದವರು ಸ್ವಲ್ಪ ಹೊತ್ತು ಹಿಂದೆ ನಿಂತು ನೋಡಿ ಒಳಗೆ ಹೋದರು. ಅಕ್ಕ ಕಾಫಿ ಕೊಟ್ಟಳು. ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು, ಕುಕ್ಕರ್ ತಾಗಿತಂತೆ. ಹೊಡೆಸಿಕೊಳ್ಳುವುದಕ್ಕೂ ಏನಾದರೂ ವಿದ್ಯೆ ಇದ್ದರೆ ಬರೆ.

ನಿನ್ನ ಮಾವ,
ಬಂಡೆ ಸರಿಸಿದ ಮುನಿಕೃಷ್ಣಪ್ಪ


ಕಲಬುರಗಿ
15 ಜುಲೈ 2025

ಮಾವನಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಬ್ಯಾರಕ್ಕಿನ ಹುಡುಗಿಯರೆಲ್ಲ ನಕ್ಕರು. ಹೋದ ವರ್ಷ ಹೇಳಿದಾಗ ಜೆಸಿಬಿ ಎರಡೇ ಇತ್ತು.

ವಿದ್ಯೆ ಇದೆ ಮಾವ. ಮೊದಲು ಅವನ ಗಮನವನ್ನು ನಿಮ್ಮ ಕಡೆಗೆ ಎಳೆಯಬೇಕು. ಅವನು ಬೇರೆ ಯಾರನ್ನೋ ನೋಡಿದ ಅಂದರೆ ಆಗಲೇ ತಡವಾಯಿತು. ಎಳೆದ ಮೇಲೆ, ಉಳಿದವರು ಅವನ ಬೆನ್ನ ಹಿಂದೆ ಬರುವ ಹಾಗೆ ಅವನನ್ನು ತಿರುಗಿಸಿಕೊಳ್ಳಿ. ನಿಮ್ಮ ಬೆನ್ನು ಗೋಡೆಗೆ ಆನಿಸಿರಲಿ, ಇಲ್ಲದಿದ್ದರೆ ಒಂದೇ ನೂಕಿಗೆ ಬೀಳುತ್ತೀರಿ, ಬಿದ್ದವರನ್ನು ದಾಟಿಕೊಂಡು ಅವನು ಹೋಗುತ್ತಾನೆ. ಕೈ ನೋಡಬೇಡಿ, ಭುಜ ನೋಡಿ. ಏಟಿಗಿಂತ ಮೊದಲು ಭುಜ ಏಳುತ್ತದೆ. ಕೂಗಾಡುವಷ್ಟು ಹೊತ್ತು ಏನೂ ಆಗುವುದಿಲ್ಲ. ಕೂಗು ನಿಂತು ಮೂಗಿನಲ್ಲಿ ಉಸಿರು ಬಿಟ್ಟನಲ್ಲ, ಆಗ ಗುರಾಣಿ ಎತ್ತಬೇಕು. ತಿರುಗಿ ಮಾತ್ರ ಹೊಡೆಯಬೇಡಿ. ಹೊಡೆಯುವ ಆಸೆಗೆ ಬಿದ್ದವರು ನಿಲ್ಲುವುದನ್ನು ಮರೆಯುತ್ತಾರೆ.

ಹೆದ್ದಾರಿ ಪಕ್ಕದ ಗೇಮಿಂಗ್ ಅಂಗಡಿಗೆ ಹೋಗುತ್ತೇನೆ ಅಂತ ಹೊರಡಬೇಡಿ. ದಿನಾ ಸಂಜೆ ಏಳಕ್ಕೆ, ಅಪ್ಪ ಬರುವ ಹೊತ್ತಿಗೆ, ನಮ್ಮ ಮನೆಯಲ್ಲೇ ಆಡಿ. ತಪ್ಪಿಸಬೇಡಿ. ಭಾನುವಾರ ಇಲ್ಲಿ ಹತ್ತು ನಿಮಿಷ ಫೋನು ಕೊಡುತ್ತಾರೆ. ಅಮ್ಮ ಚೆನ್ನಾಗಿದೀನಿ ಅನ್ನುತ್ತಾಳೆ. ಪಕ್ಕದಲ್ಲಿ ಅಪ್ಪ ಸ್ಪೀಕರ್ ಹಾಕಿರುತ್ತಾರೆ.

ಚೈತ್ರ


ಚಿಕ್ಕಜಾಲ
4 ಆಗಸ್ಟ್ 2025

ಚೈತ್ರಾ,

ಕೋಣ ಸತ್ತಿತು. ಕೊಂದವರು ಅವರು ನಾಲ್ವರು, ಹೊಡೆಸಿಕೊಂಡವನು ನಾನು. ಆದರೆ ಸಿಂಗಾಪುರದ ಬೀದಿಯಲ್ಲೆಲ್ಲ ನಾನೇ ಕೊಂದದ್ದು ಅಂತ ಹೇಳಿದ್ದೇನೆ.

ಮೊದಮೊದಲು ಒಂದು ಎಡವಟ್ಟಾಯಿತು. ಗಮನ ಎಳೆಯಬೇಕು ಅಂತ ಬರೆದಿದ್ದೆಯಲ್ಲ, ಬೈದರೆ ಎಳೆಯುತ್ತದೆ ಅಂದುಕೊಂಡೆ. ನಮ್ಮ ಊರಿನ ಬಾವಿಕಟ್ಟೆಯಲ್ಲಿ ಕಲಿತದ್ದನ್ನೆಲ್ಲ ಕೋಣಕ್ಕೆ ಒಪ್ಪಿಸಿದೆ, ಅದರ ತಾಯಿ, ಅಜ್ಜಿ, ಮೇಯಿಸಿದವನು ಯಾರನ್ನೂ ಬಿಡಲಿಲ್ಲ. ಕೋಣ ಮಿಸುಕಲಿಲ್ಲ. ಮೈಕಿನಲ್ಲಿ ಅದೆಲ್ಲ ಅವರ ನಾಲ್ಕು ಮನೆಗೂ ಕೇಳಿತಂತೆ, ನಿರಂಜನನ ಅಜ್ಜಿ ಎದ್ದು ದೇವರ ಮನೆಗೆ ಹೋದರಂತೆ. ಅನೀಸಾ ನಗು ತಡೆದುಕೊಂಡು, ಅದಕ್ಕೆ ಒಂದು ಬಟನ್ ಇದೆ ಅಂಕಲ್ ಅಂದಳು. ಒತ್ತಿದೆ. ಕೋಣ ಗಕ್ಕನೆ ತಿರುಗಿತು.

ಆಮೇಲೆ ನೋಡಬೇಕಿತ್ತು ನೀನು. ಬೆನ್ನು ಗೋಡೆಗೆ ಕೊಟ್ಟೆ. ಸುತ್ತಿಗೆ ಬಿದ್ದಾಗ ಗುರಾಣಿಯ ಅಂಚು ಸಿಡಿದು ಗೊಂಬೆಯ ಕೆನ್ನೆ ಹರಿಯಿತು. ಇನ್ನೊಂದಕ್ಕೆ ಮೊಣಕಾಲು ಹಿಂದುಮುಂದಾಯಿತು. ಅನೀಸಾ ವಾಸಿ ಮಾಡುತ್ತಿದ್ದಳು, ಅದು ಮುರಿಯುತ್ತಿತ್ತು. ಹಿಂದಿನಿಂದ ಮೂವರೂ ಅದರ ಬೆನ್ನು ಕಡಿದು ಕಡಿದು ಕೊನೆಗೆ ನಿರಂಜನ ಕುತ್ತಿಗೆಗೆ ಈಟಿ ಇಳಿಸಿದಾಗ ರಕ್ತ ಬೋರ್‌ವೆಲ್ ನೀರಿನ ಹಾಗೆ ಮೇಲಕ್ಕೆ ಚಿಮ್ಮಿತು. ನಾನು ಬೀಳಲಿಲ್ಲ.

ಕಿವಿಗೆ ಬೋಗುಣಿಯಂಥ ದೊಡ್ಡ ಹೆಡ್‌ಫೋನ್ ಕೊಂಡಿದ್ದೇನೆ. ಹಾಕಿಕೊಂಡರೆ ಪಕ್ಕದಲ್ಲಿ ವಿಮಾನ ಬಿದ್ದರೂ ಕೇಳುವುದಿಲ್ಲ. ನಿನ್ನೆ ಆಟ ಮುಗಿಸಿ ಅದನ್ನು ತೆಗೆದು ತಿರುಗಿದರೆ ಅಡುಗೆಮನೆ ನೆಲದ ತುಂಬ ಅನ್ನ, ಡಬರಿ ನೆಗ್ಗಿ ಮೂಲೆಯಲ್ಲಿ ಬಿದ್ದಿತ್ತು. ಅಕ್ಕ ಗುಡಿಸುತ್ತಿದ್ದಳು, ಭಾವ ಕೂತು ಊಟ ಮಾಡುತ್ತಿದ್ದರು. ಬೆಕ್ಕು ಬೀಳಿಸಿತು ಅಂದಳು. ನೀವು ಯಾವಾಗ ಬೆಕ್ಕು ಸಾಕಿದಿರಿ?

ಕೋಣನ ಪಾಲಿನ ಯಮ,
ಮುನಿಕೃಷ್ಣಪ್ಪ


ಕಲಬುರಗಿ
13 ಆಗಸ್ಟ್ 2025

ಮಾವ,

ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಹೆಡ್‌ಫೋನ್ ಹಾಕಬೇಡಿ. ನಾನು ಯಾವತ್ತೂ ಹಾಕಿದವಳಲ್ಲ. ಮೈಕು ಸ್ಪೀಕರಿನಲ್ಲೇ ನಡೆಯುತ್ತದೆ, ಅನೀಸಾ, ನಿರಂಜನ ಎಲ್ಲರಿಗೂ ಅಭ್ಯಾಸವಿದೆ.

ಇನ್ನೊಂದು ಕೇಳಬೇಕು. ತಿರುಗಿದರೆ ಅಡುಗೆಮನೆ ಕಂಡಿತು ಅಂತ ಬರೆದಿದ್ದೀರಿ. ನಾನು ಮೇಜು ಇಟ್ಟಿದ್ದು ತಿರುಗುವ ಅಗತ್ಯವೇ ಇಲ್ಲದ ಹಾಗೆ. ಕೂತಲ್ಲಿಂದಲೇ ಪರದೆಯ ಪಕ್ಕದಲ್ಲಿ ಅಡುಗೆಮನೆ ಬಾಗಿಲು ಕಾಣುತ್ತಿತ್ತು. ಅದನ್ನು ಯಾರು ತಿರುಗಿಸಿದರು?

ಚೈತ್ರ


ಚಿಕ್ಕಜಾಲ
31 ಆಗಸ್ಟ್ 2025

ಚೈತ್ರಾ,

ಉತ್ತರ ತಡವಾಯಿತು. ಗೌರಿ ಹಬ್ಬ, ಗಣೇಶನ ಚಂದಾ, ಊರಿನ ಕೆಲಸವೆಲ್ಲ ನನ್ನ ತಲೆ ಮೇಲೇ ತಾನೆ.

ಮೇಜು ತಿರುಗಿಸಿದ್ದು ಭಾವ. ನೀನು ಹೋದ ಮಾರನೆಯ ದಿನವೇ. ಟಿವಿಗೆ ಅಡ್ಡ ಬರುತ್ತದೆ ಅಂದರಂತೆ. ನಾನು ಮತ್ತೆ ಮೊದಲಿನ ಹಾಗೆ ಇಟ್ಟು, ಹೆಡ್‌ಫೋನ್ ಇಲ್ಲದೆ ಕೂತೆ. ಅವತ್ತು ನೋಡಿದೆ.

ಸಾರಿಗೆ ಉಪ್ಪು ಹೆಚ್ಚು ಅನ್ನುವುದು ನೆಪ. ಕೂಗಾಡಿದರು. ಕೂಗು ನಿಂತಿತು. ಮೂಗಿನಲ್ಲಿ ಉಸಿರು ಬಿಟ್ಟರು, ಬಲಭುಜ ಎದ್ದಿತು. ನೀನು ಬರೆದದ್ದರಲ್ಲಿ ಒಂದಕ್ಷರ ಆಚೀಚೆ ಇಲ್ಲ. ಅಕ್ಕನ ತಲೆ ಫ್ರಿಜ್ಜಿನ ಬಾಗಿಲಿಗೆ ಬಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬಿದ್ದವಳನ್ನು ಜಡೆ ಹಿಡಿದು ಎತ್ತಿ ಇನ್ನೊಂದು ಕೊಟ್ಟರು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ಕಿರುಚಲಿಲ್ಲ. ಆ ಒಂದು ಕಣ್ಣಲ್ಲೇ ನನ್ನನ್ನು ನೋಡಿ, ಹೋಗು ಅನ್ನುವ ಹಾಗೆ ಕೈ ಮಾಡಿದಳು.

ನಾನು ಹೊಟ್ಟೆನೋವು ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಆಮೇಲೆ ಆ ಕಡೆ ಹೋಗಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನಾನು ರಸ್ತೆ ಪಕ್ಕದ ಜಮೀನು ಮಾರಿದ ದುಡ್ಡು ಭಾವ ಕಟ್ಟಿಸುತ್ತಿರುವ ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿದೆ. ಕೊಟ್ಟದ್ದಕ್ಕೆ ಕಾಗದ ಪತ್ರ ಇಲ್ಲ. ಹೆಣ್ಣು ಕೊಟ್ಟ ಮನೆಯ ಕೈಯಲ್ಲಿ ಪತ್ರ ಬರೆಸಿಕೊಳ್ಳುವುದು ನಮ್ಮಲ್ಲಿಲ್ಲ, ಬರೆಸಿಕೊಂಡರೆ ಅವರನ್ನು ಕಳ್ಳ ಅಂದ ಹಾಗೆ. ಕಟ್ಟಡ ಏಳಲಿ, ಒಂದು ಫ್ಲ್ಯಾಟು ನಿಂದೇ ಅಂದಿದ್ದಾರೆ. ದೊಡ್ಡ ಮೊತ್ತವೇನಲ್ಲ, ಬೀಡಿ ಕಾಸು. ಆದರೂ ಎದುರು ನಿಂತರೆ ಅದು ಹೋಯಿತು. ನಾನು ಯೋಚನೆ ಮಾಡುತ್ತಿದ್ದೇನೆ, ಅಷ್ಟೆ. ಗಂಡ ಹೆಂಡಿರ ನಡುವೆ ಹೋಗುವುದು ಸರಿಯೋ ಅಲ್ಲವೋ ಅಂತಲೂ ಇದೆ.

ನಿನ್ನ ಮಾವ,
ಮುನಿಕೃಷ್ಣಪ್ಪ


ಕಲಬುರಗಿ
9 ಸೆಪ್ಟೆಂಬರ್ 2025

ಮಾವ,

ಏಳನೇ ಕ್ಲಾಸಿನಿಂದ ಆ ಅಡುಗೆಮನೆ ಬಾಗಿಲಲ್ಲಿ ನಾನು ನಿಂತಿದ್ದೆ. ಆಟ ಬಂದದ್ದು ಆಮೇಲೆ. ಮೊದಲ ದಿನವೇ ಅನೀಸಾ, ಇಷ್ಟು ಚೆನ್ನಾಗಿ ಏಟು ತಿನ್ನೋದು ಎಲ್ಲಿ ಕಲಿತೆ ಅಂತ ಕೇಳಿದಳು. ಅವಳೊಬ್ಬಳಿಗೇ ಹೇಳಿದ್ದೇನೆ.

ನನ್ನ ಎಡಗಿವಿಯಲ್ಲಿ ಸರಿಯಾಗಿ ಕೇಳುವುದಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಡಾಕ್ಟರ ತುಟಿ ನೋಡಿ ಉತ್ತರ ಹೇಳಿ ಪಾಸಾದೆ. ನನ್ನ ಮದುವೆ ಮಾತು ಬಂದಾಗ ನೀವೇ, ಹುಡುಗಿಗೆ ಕೂಗಿದರೆ ಓಗೊಡುವ ಮರ್ಯಾದೆ ಇಲ್ಲ ಅಂತ ತಮಾಷೆ ಮಾಡಿದ್ದಿರಿ.

ಜಾಗ ಕಾಯಿರಿ ಅಂತ ನಾನು ಕೇಳಿದ್ದು ಯಾವ ಜಾಗ ಅಂತ ಈಗ ನಿಮಗೆ ಗೊತ್ತು. ಖಾಲಿ ಬಿಡಲಾಗುವುದಿಲ್ಲ. ಈ ತಿಂಗಳ ಕೊನೆಯೊಳಗೆ ನೀವು ಅಲ್ಲಿಗೆ ಹೋಗಿದ್ದೀರಿ ಅಂತ ನಿಮ್ಮ ಕೈಬರಹದಲ್ಲಿ ಬರದಿದ್ದರೆ, ತರಬೇತಿ ಬಿಟ್ಟು ನಾನೇ ಬರುತ್ತೇನೆ. ಒಂದು ಸಲ ಬಿಟ್ಟರೆ ಮತ್ತೆ ತೆಗೆದುಕೊಳ್ಳುವುದಿಲ್ಲ, ಅದೂ ಗೊತ್ತಿರಲಿ.

ಚೈತ್ರ


ಯಲಹಂಕ, ಆಸ್ಪತ್ರೆ
22 ಸೆಪ್ಟೆಂಬರ್ 2025

ಚೈತ್ರಾ,

ಇದು ನನ್ನ ಕೈಬರಹವಲ್ಲ ಅಂತ ಗಂಟುಮೂಟೆ ಕಟ್ಟಬೇಡ. ಬಲಗೈಯನ್ನು ಎದೆಗೆ ಬಿಗಿದಿದ್ದಾರೆ. ನಾನು ಹೇಳಿದ್ದನ್ನು ನಿರಂಜನ ಬರೆಯುತ್ತಿದ್ದಾನೆ. ಕೆಳಗಿನ ಸಹಿ ಎಡಗೈಯಲ್ಲಿ ನಾನೇ ಹಾಕುತ್ತೇನೆ.

ಗುರುವಾರ ಹೋದೆ. ಅಕ್ಕ ಬಾಗಿಲು ತೆಗೆದು ನನ್ನ ಮುಖ ನೋಡಿ ಒಳಗೆ ಬಿಟ್ಟಳು. ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇತ್ತು. ಮೇಜು ಮತ್ತೆ ಗೋಡೆಗೆ ತಿರುಗಿತ್ತು. ಅದನ್ನು ಎಳೆದು ಅಡುಗೆಮನೆ ಕಡೆ ಮಾಡಿ, ಸ್ಪೀಕರ್ ಹಾಕಿ ಆಟಕ್ಕೆ ಕೂತೆ.

ಭಾವ ಬಂದರು. ಮೇಜು ನೋಡಿದರು. ನನ್ನನ್ನು ಕೇಳದೆ ಒಳಗೆ ಹೋಗಿ, ಯಾರು ಸರಿಸಿದ್ದು ಅಂತ ಅಕ್ಕನನ್ನು ಕೇಳಿದರು. ನಾನೇ ಅಂದಳು. ಅವಳಿಗೆ ಆ ಸುಳ್ಳು ಹೇಳುವ ಅಗತ್ಯವಿರಲಿಲ್ಲ ಚೈತ್ರಾ. ಕೂಗು ಶುರುವಾಯಿತು. ನಾನು ಎದ್ದೆ. ಕೂಗು ನಿಂತಿತು.

ನಾನು ಅಂದೆ: "ಏಯ್ ಅನಂತರಾಜು. ಮದುವೆ ದಿನ ಹಾರ ಹಾಕೋಕೂ ನಡುಗ್ತಿದ್ದ ಕೈ ಕಣೋ ಅದು. ಎಂಗಸ್ರ ಮೇಲೆ ಬಿಟ್ರೆ ಇನ್ಯಾರ ಮೇಲೆ ಎತ್ತಿದೀಯ? ಇಲ್ಲಿದೀನಿ, ಇಂಗೆ ಬಾ."

ಭಾವ ಅನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ತಿರುಗಿದ.

ನಾನು ಹಿಂದೆ ಹಿಂದೆ ಸರಿದು ಬೀದಿಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟೆ. ಅವನು ಹಿಂದೆಯೇ ಬಂದ. ಈಗ ಅಕ್ಕ ಅವನ ಬೆನ್ನ ಹಿಂದೆ ಇದ್ದಳು, ಹಿತ್ತಿಲ ಬಾಗಿಲು ಅವಳ ಪಕ್ಕದಲ್ಲೇ ಇತ್ತು. ಮೊದಲನೆಯದು ಬಾಯಿಗೆ ಬಿತ್ತು. ಹಲ್ಲು ನಾಲಿಗೆ ಮೇಲೆ ಬಂದು ಕೂತಿತು, ಉಗಿಯಲು ಹೊತ್ತು ಸಿಗದೆ ನುಂಗಿದೆ. ಎರಡನೆಯದರ ಭುಜ ಕಂಡಿತು, ಮೊಣಕೈ ಅಡ್ಡ ಹಿಡಿದೆ. ನಿನ್ನ ಕೀಬೋರ್ಡು ಕಿತ್ತು ತಲೆಗೆ ಹಾಕಿದ, ಅಕ್ಷರಗಳು ಕಡಲೆಪುರಿಯ ಹಾಗೆ ಹಜಾರದ ತುಂಬ ಚೆಲ್ಲಿದವು. ನಾನು ಬೀಳದ್ದನ್ನು ನೋಡಿ, ಸಂಪಿನ ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆ ಬಾಗಿಲ ಹಿಂದೆ ಇರುತ್ತದಲ್ಲ, ಅದನ್ನು ತೆಗೆದುಕೊಂಡ. ಕುತ್ತಿಗೆ ಪಕ್ಕದ ಮೂಳೆ ಒಣಗಿದ ತೊಗರಿಕಡ್ಡಿಯ ಹಾಗೆ ಲಟಕ್ಕೆಂದಿತು. ನನ್ನ ಎಡಗೈ ತಾನಾಗಿ ಮುಷ್ಟಿಯಾಗಿತ್ತು, ಹೊಡೆಯಬಹುದಿತ್ತು, ಅವನ ಮೂಗು ನನ್ನ ಮುಂದೆಯೇ ಇತ್ತು. ಹೊಡೆಯಲಿಲ್ಲ. ಕೊಕ್ಕೆ ಬೀಳುತ್ತಲೇ ಇತ್ತು, ಪಕ್ಕೆಗೆ, ತೊಡೆಗೆ. ಇಂಥ ಆರು ಜನ ಬಂದಿದ್ದರೂ ನಿಂತಿರುತ್ತಿದ್ದೆ.

(ಅಂಕಲ್ ಕೊನೆಗೆ ಕೂತುಬಿಟ್ಟಿದ್ದರು. ಆದರೆ ಗೋಡೆ ಬಿಟ್ಟಿರಲಿಲ್ಲ. ನಿರಂಜನ.)

ಮೈಕು ತೆರೆದೇ ಇತ್ತು. ನಾಲ್ಕು ಮನೆಯಲ್ಲೂ ಎಲ್ಲ ಕೇಳಿಸಿತಂತೆ. ಉಳಿದವರು ನನ್ನದು ಮತ್ತೆ ಬೈಗುಳ ಅಂದುಕೊಂಡರಂತೆ. ಅನೀಸಾ ಹಾಗೆ ಅಂದುಕೊಳ್ಳಲಿಲ್ಲ. ನಿಮ್ಮ ಮನೆ ವಿಳಾಸ ಹೇಳಿ ಪೊಲೀಸರಿಗೆ ಫೋನು ಮಾಡಿ, ನಿರಂಜನನನ್ನು ಬೈಕಿನಲ್ಲಿ ಓಡಿಸಿದ್ದಾಳೆ. ಜೀಪು ಬಂದಾಗ ಅನಂತರಾಜುವಿನ ಕೈಯಲ್ಲಿ ಇನ್ನೂ ಕೊಕ್ಕೆ ಇತ್ತು.

ಒಂದು ನಾಚಿಕೆಯ ಮಾತು. ಪೊಲೀಸಿನವರು ಏನಾಯಿತು ಅಂದಾಗ ನನ್ನ ಬಾಯಿಂದ ಬಂದದ್ದು, ಮನೆ ವಿಷಯ ಸಾರ್, ನಾವೇ ಸರಿಮಾಡ್ಕೋತೀವಿ ಅಂತ. ಅಷ್ಟು ಏಟು ತಿಂದ ಮೇಲೂ ಅದೇ ಬಂತು. ಅಕ್ಕ ಹಿತ್ತಿಲ ಕಡೆ ಹೋಗಿರಲಿಲ್ಲ. ಹತ್ತಿರ ಬಂದು ಸೆರಗಿನಲ್ಲಿ ನನ್ನ ಬಾಯಿಯ ರಕ್ತ ಒರೆಸುತ್ತ, ಅವರ ಕಡೆ ನೋಡದೆ ಅಂದಳು: "ಅಂಗಲ್ಲ ಸ್ವಾಮಿ. ಈವಯ್ಯ ನನ್ನ ಒಡೀತಾನೆ. ಮದುವೆ ಆದಾಗಿಂದ್ಲೂ. ನನ್ ಮಗಳ್ನೂ ಒಡ್ದ. ಬರ್ಕೊಳ್ಳಿ, ಹೆಬ್ಬೆಟ್ಟಲ್ಲ, ಸಹಿನೇ ಹಾಕ್ತೀನಿ."

ಹಾಕಿದಳು. ಈಗ ಚಿಕ್ಕಜಾಲದ ನಮ್ಮ ಮನೆಯಲ್ಲಿದ್ದಾಳೆ. ನೀನು ಅಲ್ಲೇ ಇರು.

ಮುನಿಕೃಷ್ಣಪ್ಪ (ಎಡಗೈ)


ಕಲಬುರಗಿ
3 ಅಕ್ಟೋಬರ್ 2025

ಮಾವ,

ನಿಮ್ಮ ಪತ್ರ ಇಪ್ಪತ್ತೊಂಬತ್ತಕ್ಕೆ ತಲುಪಿತು. ನಾನು ಎಲ್ಲಿಗೂ ಹೋಗುವುದಿಲ್ಲ.

ಭಾನುವಾರ ಅಮ್ಮ ನಿಮ್ಮ ಫೋನಿನಲ್ಲಿ ಮಾತಾಡಿದಳು. ಸ್ಪೀಕರ್ ಇರಲಿಲ್ಲ. ನಿಮ್ಮ ಅಡುಗೆಮನೆ ಹಂದಿಗೂಡಿನ ಹಾಗಿದೆ ಅಂತ ಬೈದಳು. ಅವಳು ಯಾರನ್ನಾದರೂ ಬೈದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅಪ್ಪ ಜಾಮೀನಿನ ಮೇಲೆ ಹೊರಗೆ ಬಂದು ತಮ್ಮ ಕಟ್ಟಡದ ಮೇಸ್ತ್ರಿ ಕೃಷ್ಣಯ್ಯನನ್ನು ಕಳಿಸಿದ್ದರಂತೆ. ಕೇಸು ವಾಪಸ್ ತೆಗೆದುಕೊಂಡರೆ ನಿಮ್ಮ ದುಡ್ಡು ಪೂರ್ತಿ ಕೈಗೆ, ಇಲ್ಲದಿದ್ದರೆ ಯಾವ ದುಡ್ಡು, ಎಲ್ಲಿದೆ ಪತ್ರ ಅಂತ. ನೀವು ಅವನಿಗೆ ಕಾಫಿ ಕುಡಿಸಿ ಹಾಗೇ ಕಳಿಸಿದಿರಂತೆ. ಎಷ್ಟು ಅಂತ ಅಮ್ಮನಿಗೆ ಗೊತ್ತಿಲ್ಲ.

ಎಷ್ಟು ಮಾವ? ಬೀಡಿ ಕಾಸು ಅನ್ನಬೇಡಿ.

ಚೈತ್ರ


ಚಿಕ್ಕಜಾಲ
14 ಅಕ್ಟೋಬರ್ 2025

ಚೈತ್ರಾ,

ಇದು ನನ್ನದೇ ಕೈ, ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ಓದಿಕೋ. ನಿರಂಜನ ಹೊಸ ಕೀಬೋರ್ಡು ತಂದು ಕಂಪ್ಯೂಟರನ್ನು ಇಲ್ಲಿ ಜೋಡಿಸಿಕೊಟ್ಟಿದ್ದಾನೆ. ಒಂದೇ ಕೈಯಲ್ಲಿ ಆಡಿ ಮೊನ್ನೆ ಹೆಬ್ಬಾವು ಬಾಯಿ ತೆರೆದಾಗ ಒಳಗೇ ಹೋಗಿ ನಿಂತೆ. ಅದು ಅಗಿಯುತ್ತಿತ್ತು, ಅವರು ಕಡಿಯುತ್ತಿದ್ದರು. ಅಕ್ಕ ಹಿಂದೆ ಸೊಪ್ಪು ಬಿಡಿಸುತ್ತ ಕೂತು, ಇನ್ನೂ ಎಷ್ಟು ಒತ್ತು ತಿನ್ನಿಸ್ಕೋತೀಯೋ ಅಂತ ಕೇಳುತ್ತಾಳೆ.

ಕೃಷ್ಣಯ್ಯ ನಿನ್ನೆ ಮತ್ತೆ ಬಂದಿದ್ದ. ಈ ಸಲ ಅರ್ಧ ದುಡ್ಡನ್ನು ಚೀಲದಲ್ಲೇ ತಂದಿದ್ದ, ಜಿಪ್ಪು ತೆಗೆದು ಟೀಪಾಯಿ ಮೇಲೆ ಇಟ್ಟ. ಅಕ್ಕ ನೀರು ತರಲು ಒಳಗೆ ಹೋಗಿದ್ದಳು. ನಾನು ಜಿಪ್ಪು ಎಳೆದು ಅವನ ಸ್ಕೂಟರಿನ ತನಕ ನಾನೇ ಹೊತ್ತುಕೊಂಡು ಹೋಗಿ ಇಟ್ಟು ಬಂದೆ. ಭಾರವಿತ್ತು. ಅದನ್ನು ಹೊತ್ತದ್ದಕ್ಕೆ ಮೂಳೆ ಇವತ್ತೂ ನೋಯುತ್ತಿದೆ.

ಅಕ್ಕನಿಗೆ ಐವತ್ತು ಸಾವಿರ ಅಂದಿದ್ದೇನೆ. ನಿರಂಜನನಿಗೆ ಎರಡು ಲಕ್ಷ ಅಂದೆ. ಊರಿನ ಹೋಟೆಲಿನಲ್ಲಿ, ಅನಂತರಾಜು ನನಗೆ ಕೊಡಬೇಕಾದ್ದೇನೂ ಇಲ್ಲ, ನಾನೇ ಅವನ ಮುಖಕ್ಕೆ ಒಂದಿಷ್ಟು ಎಸೆದು ಬಂದೆ ಅಂತ ಹೇಳಿದ್ದೇನೆ. ಅವರು ನಂಬಿದ್ದಾರೆ.

ನಿನಗೆ ಮಾತ್ರ ಹೇಳುತ್ತೇನೆ, ಅಕ್ಕನ ಕಿವಿಗೆ ಬೀಳಬಾರದು. ಗೊತ್ತಾದರೆ ಅವಳು ನಾಳೆಯೇ ಸೀರೆ ಗಂಟು ಕಟ್ಟಿಕೊಂಡು ಆ ಮನೆಗೆ ವಾಪಸ್ ಹೊರಡುತ್ತಾಳೆ, ತಮ್ಮನ ದುಡ್ಡು ಉಳಿಯಲಿ ಅಂತ.

ನಲವತ್ತೊಂದು ಲಕ್ಷ ಎಪ್ಪತ್ತು ಸಾವಿರ.

ನಿನ್ನ ಮಾವ